ಆಡು ನೋಡಿ ಮಳೆ ಹೇಳುವ ಲಹಿಂಚ್ ಗಾಲ್ಫ್ ಕ್ಲಬ್

ಐರ್ಲೆಂಡ್‌ನಲ್ಲಿ ಚಿಕ್ಕ ಚಿಕ್ಕ ಊರಿಗೂ ಗಾಲ್ಫ್ ಕ್ಲಬ್ ಇರುತ್ತವಂತೆ, ಅಂಥ ಒಂದರ ಕಥೆ ಹೇಳಿ ಅಂತ ಕೇಳಿದ್ದೀರಿ. ನಾನು ಲಿಮರಿಕ್‌ನಲ್ಲಿ ಇದ್ದೇನೆ. ನನಗೆ ತುಂಬಾ ಇಷ್ಟವಾದ ಲಹಿಂಚ್ ಬಗ್ಗೆಯೇ ಹೇಳುತ್ತೇನೆ. ಕ್ಲೇರ್ ಕೌಂಟಿಯಲ್ಲಿ, ಅಟ್ಲಾಂಟಿಕ್ ದಂಡೆಯ ಮೇಲೆ ಇರುವ ಸಣ್ಣ ಊರು ಅದು.

ಕ್ಲಬ್ ಶುರುವಾಗಿದ್ದು 1892ರಲ್ಲಿ. ಆಗ ಲಿಮರಿಕ್‌ನಲ್ಲಿ ಬ್ಲ್ಯಾಕ್ ವಾಚ್ ಅನ್ನೋ ಸ್ಕಾಟಿಷ್ ರೆಜಿಮೆಂಟ್ ಇತ್ತು. ಗಾಲ್ಫ್ ಅವರ ಊರಿನ ಆಟ. ಅದರ ಅಧಿಕಾರಿಗಳೂ ಅಲೆಕ್ಸಾಂಡರ್ ಶಾ ಥರದ ಲಿಮರಿಕ್ ಆಟಗಾರರೂ ಸೇರಿ ಕಡಲ ಪಕ್ಕದ ಮರಳು ದಿಬ್ಬಗಳಲ್ಲಿ ಆಟದ ಜಾಗ ಗುರುತು ಮಾಡಿದರು. (ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಐರ್ಲೆಂಡ್‌ನ ಅತಿ ಹಳೆಯ ಕ್ಲಬ್ ಆದ ರಾಯಲ್ ಬೆಲ್‌ಫಾಸ್ಟ್ 1881ರದ್ದು. ಅಂದರೆ ನಮ್ಮದೇ ಹಳೆಯದು!) ಅಷ್ಟು ಹೊತ್ತಿಗೆ ವೆಸ್ಟ್ ಕ್ಲೇರ್ ರೈಲು ಲಹಿಂಚ್‌ಗೆ ಬಂದಿತ್ತು. ರೈಲು ಇಲ್ಲದಿದ್ದರೆ ಪಟ್ಟಣದವರು ಆ ಮೂಲೆಗೆ ಆಡಲು ಹೋಗುತ್ತಿದ್ದದ್ದು ಅಷ್ಟರಲ್ಲೇ ಇತ್ತು.

1894ರಲ್ಲಿ ಓಲ್ಡ್ ಟಾಮ್ ಮಾರಿಸ್‌ನನ್ನು ಕರೆಸಿದರು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನವನು, ಓಪನ್ ಅನ್ನೋ ದೊಡ್ಡ ಗಾಲ್ಫ್ ಪಂದ್ಯವನ್ನು ನಾಲ್ಕು ಸಲ ಗೆದ್ದವನು, ಆಗಲೇ ಎಪ್ಪತ್ತು ದಾಟಿತ್ತು. ನೆಲ ಹೇಗಿದೆಯೋ ಹಾಗೇ ಬಳಸಿಕೊಳ್ಳುವುದು ಅವನ ರೀತಿ. ಮೊದಲ ಹೊಡೆತದ ಜಾಗದಿಂದ ಚೆಂಡು ಬೀಳಬೇಕಾದ ಗುಳಿಯವರೆಗಿನ ಒಂದೊಂದು ಭಾಗಕ್ಕೆ ಹೋಲ್ ಅನ್ನುತ್ತಾರೆ. ಅವನ ಕಾಲದ ಎರಡು ಹೋಲ್‌ಗಳನ್ನು ಇವತ್ತೂ ಆಡುತ್ತಾರೆ, ಕ್ಲಾಂಡೈಕ್ ಮತ್ತು ಡೆಲ್. ಕ್ಲಾಂಡೈಕ್‌ನಲ್ಲಿ ಎದುರಿಗೆ ದೊಡ್ಡ ದಿಬ್ಬ ಅಡ್ಡ ನಿಂತಿರುತ್ತದೆ, ಎರಡನೇ ಹೊಡೆತವನ್ನು ಅದರ ಮೇಲಿಂದಲೇ ಹಾರಿಸಬೇಕು. ಆಚೆ ಯಾರಿದ್ದಾರೆ ಅಂತ ನಿಮಗೆ ಕಾಣುವುದಿಲ್ಲ, ಅದಕ್ಕೇ ದಿಬ್ಬದ ಮೇಲೆ ಒಬ್ಬ ನಿಂತು ಹೊಡೆಯಬಹುದು ಅಂತ ಸನ್ನೆ ಮಾಡುತ್ತಾನೆ. ಡೆಲ್ ಇನ್ನೂ ವಿಚಿತ್ರ. 150 ಗಜ ಚಿಲ್ಲರೆ ದೂರ ಅಷ್ಟೇ, ಆದರೆ ಗ್ರೀನ್, ಅಂದರೆ ಗುಳಿ ಇರುವ ನುಣುಪು ಹುಲ್ಲಿನ ಜಾಗ, ಎರಡು ದಿಬ್ಬಗಳ ಸಂದಿಯಲ್ಲಿ ಅಡಗಿ ಕೂತಿದೆ. ಬಾವುಟದ ತುದಿ ಕೂಡ ಕಾಣುವುದಿಲ್ಲ. ಮುಂದಿನ ದಿಬ್ಬದ ಮೇಲೆ ಒಂದು ಬಿಳಿ ಕಲ್ಲು ಇಟ್ಟಿರುತ್ತಾರೆ, ಗುಳಿ ಇವತ್ತು ಯಾವ ನೇರಕ್ಕಿದೆಯೋ ಆ ಕಲ್ಲೂ ಅಲ್ಲಿಗೆ ಸರಿಯುತ್ತದೆ. ಅದನ್ನೇ ನಂಬಿ ಹೊಡೆಯಬೇಕು.

1920ರ ಸೆಪ್ಟೆಂಬರ್‌ನಲ್ಲಿ ಸ್ವಾತಂತ್ರ್ಯ ಹೋರಾಟದ ವೇಳೆ, ಹತ್ತಿರದ ರಿನೀನ್‌ನಲ್ಲಿ ಪೊಲೀಸರ ಮೇಲೆ ದಾಳಿ ಆದಾಗ, ಸೇಡಿಗೆ ಬ್ರಿಟಿಷ್ ಪಡೆಗಳು ಲಹಿಂಚ್‌ನಲ್ಲಿ ಮನೆಗಳಿಗೆ ಬೆಂಕಿ ಇಟ್ಟವು. ಅದಾಗಿ ಏಳೇ ವರ್ಷಕ್ಕೆ, 1927ರಲ್ಲಿ, ಕ್ಲಬ್ಬಿನವರು ಅಲಿಸ್ಟರ್ ಮೆಕೆಂಜಿಯನ್ನು ಕರೆಸಿ ಇಡೀ ಕೋರ್ಸ್ ಹೊಸದಾಗಿ ಮಾಡಿಸಿದರು. ಮುಂದೆ ಅಮೆರಿಕದಲ್ಲಿ ಆಗಸ್ಟಾ ನ್ಯಾಷನಲ್ ಅನ್ನೋ ಹೆಸರಾಂತ ಕೋರ್ಸ್ ರೂಪಿಸಿದ್ದು ಆಟಗಾರ ಬಾಬಿ ಜೋನ್ಸ್ ಜೊತೆ ಇದೇ ಮೆಕೆಂಜಿ. ಎಷ್ಟೋ ಹೋಲ್‌ಗಳನ್ನು ಅವನು ಸಮುದ್ರದ ಹತ್ತಿರಕ್ಕೆ ಸರಿಸಿದ, ಆದರೆ ಕ್ಲಾಂಡೈಕ್, ಡೆಲ್ ಎರಡೂ ಹಾಗೇ ಉಳಿದವು. ನನ್ನ ಪ್ರಕಾರ ಈ ಕ್ಲಬ್ಬಿನ ಇತಿಹಾಸದಲ್ಲಿ ಎಲ್ಲಕ್ಕಿಂತ ಒಳ್ಳೆಯ ತೀರ್ಮಾನ ಅದು. ಕಣ್ಣಿಗೆ ಕಾಣದ ಗುರಿಗೆ ಹೊಡೆಯುವುದು ನ್ಯಾಯ ಅಲ್ಲ ಅಂತ ವಾದ ಮಾಡುವವರು ಇವತ್ತೂ ಇದ್ದಾರೆ. ಆದರೆ ಅವೆರಡನ್ನು ತೆಗೆದರೆ ಅದು ಲಹಿಂಚ್ ಅಲ್ವೇ ಅಲ್ಲ.

ಆದರೆ ಮೆಕೆಂಜಿಯ ಗ್ರೀನ್‌ಗಳಿಗೆ ಆ ಅದೃಷ್ಟ ಇರಲಿಲ್ಲ. ಏರಿಳಿತ ಜಾಸ್ತಿ ಅಂತ 1930ರ ದಶಕದಲ್ಲಿ ಕೆಲವನ್ನು ತಟ್ಟಿ ಮಟ್ಟ ಮಾಡಿಬಿಟ್ಟರು. ಅವನ ಶೈಲಿ ವಾಪಸ್ ಬಂದಿದ್ದು ಕೋರ್ಸ್ ವಿನ್ಯಾಸಕ ಮಾರ್ಟಿನ್ ಹಾಟ್ರೀ ಕೆಲಸ ಮಾಡಿದಾಗ, 1999ರ ನಂತರ. 2019ರಲ್ಲಿ ಐರಿಷ್ ಓಪನ್ ಅಲ್ಲೇ ನಡೆಯಿತು, ಜಾನ್ ರಾಮ್ ಕೊನೆಯ ದಿನದ ಸುತ್ತನ್ನು ಬರೀ 62 ಹೊಡೆತಗಳಲ್ಲಿ ಮುಗಿಸಿ ಗೆದ್ದ. ಅದಕ್ಕಿಂತ ಊರಿನವರ ಹೆಮ್ಮೆ ಸೌತ್ ಆಫ್ ಐರ್ಲೆಂಡ್ ಪಂದ್ಯ. 1895ರಿಂದ ಇದೆ. ಅದೇ ಊರಿನ ಜಾನ್ ಬರ್ಕ್ ಅದನ್ನು 11 ಸಲ ಗೆದ್ದಿದ್ದಾನೆ.

ಆಡುಗಳ ಕಥೆ ಹೇಳದಿದ್ದರೆ ಹೇಗೆ? ಕೋರ್ಸ್ ಮೇಲೆ ಆಡುಗಳು ಮೇಯುತ್ತಿದ್ದವು. ಅವು ಕ್ಲಬ್‌ಹೌಸ್ ಹತ್ತಿರ ಬಂದು ನಿಂತರೆ ಮಳೆ ಗ್ಯಾರಂಟಿ, ದೂರ ದಿಬ್ಬಗಳಲ್ಲಿ ಇದ್ದರೆ ಬಿಸಿಲು. ಕ್ಲಬ್ಬಿನ ವಾಯುಭಾರ ಮಾಪಕ ಕೆಟ್ಟು ಹೋದಾಗ ಅದರ ಮೇಲೆ 'ಆಡುಗಳನ್ನು ನೋಡಿ' ಅಂತ ಚೀಟಿ ಹಚ್ಚಿದ್ದರಂತೆ. ಈಗ ಕ್ಲಬ್ಬಿನ ಲಾಂಛನವೇ ಆಡು. ನೀವು ಯಾವತ್ತಾದರೂ ಈ ಕಡೆ ಬಂದರೆ ಸಮುದ್ರಕ್ಕೆ ಕಡಿದಾಗಿ ಇಳಿಯುವ ಮೊಹೆರ್ ಬಂಡೆಗಳು ಅಲ್ಲಿಂದ ಹತ್ತಿರವೇ, ಬರುವ ದಾರಿಯಲ್ಲಿ ಲಹಿಂಚ್‌ನಲ್ಲಿ ಇಳಿದು ಆ ದಿಬ್ಬಗಳನ್ನು ಒಂದು ಸಲ ನೋಡಿ.