ಸಂಪಾದಕರ ಉತ್ತರ: ಸೋತವನಿಗೇಕೆ ಪ್ರಶಸ್ತಿ?

ಅಮೆರಿಕದ ಇಂಡಿಯಾನಾದಿಂದ ಓದುಗರೊಬ್ಬರು ಸಿಟ್ಟಿನ ಪತ್ರ ಬರೆದಿದ್ದಾರೆ. 2023ರಲ್ಲಿ ಅಲ್ಲಿನ ಪರ್ಡ್ಯೂ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ, ಕಾಲೇಜು ತಂಡಗಳ ರಾಷ್ಟ್ರೀಯ ಟೂರ್ನಿಯಾದ ಎನ್‌ಸಿಎಎಯ ಮೊದಲ ಸುತ್ತಿನಲ್ಲೇ ಸೋತಿತು. ಆದರೂ ಅದರ ಜ್ಯಾಕ್ ಈಡಿಗೆ ವರ್ಷದ ಆಟಗಾರನ ಪ್ರಶಸ್ತಿಗಳು ಸಂದವು. "ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ವರ್ಷದ ಅತ್ಯುತ್ತಮರ 'ಆಲ್-ಅಮೆರಿಕನ್' ಪಟ್ಟಿಗಳನ್ನು ಫೈನಲ್ ಮುಗಿದ ಮೇಲೆ ಮಾಡಿದರೆ ಯಾರಪ್ಪನ ಗಂಟು ಹೋಗುತ್ತದೆ?" ಎಂದು ಕೇಳಿದ್ದಾರೆ.

ಸ್ವಾಮಿ, ಸೋತರೆ ಗಂಟುಮೂಟೆ ಕಟ್ಟಬೇಕಾದ ಆಟದಲ್ಲಿ ಕೈ ನಡುಗದೆ ಆಡುವುದು ದೊಡ್ಡ ಗುಣವೇ. ಇಷ್ಟು ಒಪ್ಪಿಕೊಂಡು ಜಗಳಕ್ಕೆ ಬರುತ್ತೇನೆ.

ಮೊದಲು ಮತಚೀಟಿಯನ್ನೇ ನೋಡಿ. ಎಪಿ ಸುದ್ದಿಸಂಸ್ಥೆಯ ಪಟ್ಟಿಗೆ ಮತ ಹಾಕುವ ಪತ್ರಕರ್ತ ಮೂರು ತಂಡ ಕಟ್ಟಬೇಕು, ಒಂದೊಂದಕ್ಕೆ ಐವರಂತೆ ಹದಿನೈದು ಹೆಸರು. ಮೊದಲ ತಂಡದ ಹೆಸರಿಗೆ 5 ಅಂಕ, ಎರಡನೆಯದಕ್ಕೆ 3, ಮೂರನೆಯದಕ್ಕೆ 1. ಟೂರ್ನಿ ಶುರುವಾಗುವ ಮುಂಚೆಯೇ ಚೀಟಿ ತಲುಪಿರಬೇಕು. ಆಮೇಲೆ ಎಪಿ, ಬ್ಯಾಸ್ಕೆಟ್‌ಬಾಲ್ ಬರಹಗಾರರ ಸಂಘ, ಕೋಚ್‌ಗಳ ಸಂಘ, ಸ್ಪೋರ್ಟಿಂಗ್ ನ್ಯೂಸ್ ಪತ್ರಿಕೆ ಈ ನಾಲ್ವರ ಪಟ್ಟಿಗಳನ್ನು 3-2-1ರ ಲೆಕ್ಕದಲ್ಲಿ ಕೂಡಿದರೆ 'ಕನ್ಸೆನ್ಸಸ್', ಅಂದರೆ ಒಮ್ಮತದ ತಂಡ ಸಿದ್ಧ. ನಾಲ್ಕರಲ್ಲೂ ಮೊದಲ ತಂಡಕ್ಕೆ ಬಂದವನಿಗೆ 12 ಅಂಕ. ಐದನೇ ಜಾಗಕ್ಕೆ ಇಬ್ಬರು ಸಮ ಬಂದರೆ ಇಬ್ಬರನ್ನೂ ಸೇರಿಸುತ್ತಾರೆ, ಯಾರನ್ನೂ ಉಜ್ಜಿಹಾಕುವುದಿಲ್ಲ.

ಈ ಚೀಟಿ ಬರೆಯುವ ಹೊತ್ತಿಗೆ ಪರ್ಡ್ಯೂ 34 ಆಟ ಆಡಿ 29 ಗೆದ್ದಿತ್ತು. ತಾನು ಆಡುವ ಬಿಗ್ ಟೆನ್ ಲೀಗನ್ನೂ ಆ ಲೀಗಿನ ಟೂರ್ನಿಯನ್ನೂ ಗೆದ್ದಿತ್ತು. ಏಳಡಿ ನಾಲ್ಕಂಗುಲದ ಈಡಿಯ ಸರಾಸರಿ 22 ಅಂಕ, ಹೆಚ್ಚುಕಡಿಮೆ 13 ರಿಬೌಂಡ್ (ಗುರಿ ತಪ್ಪಿ ಬಂದ ಚೆಂಡನ್ನು ಹಿಡಿಯುವುದು). ಆಮೇಲೆ ಬಂತು ಎನ್‌ಸಿಎಎಯಲ್ಲಿ ಫೇರ್ಲಿ ಡಿಕಿನ್ಸನ್ ವಿಶ್ವವಿದ್ಯಾಲಯದ ತಂಡದ ಎದುರಿನ 63-58ರ ಸೋಲು. ಅವತ್ತೂ ಅವನದು 21 ಅಂಕ, 15 ರಿಬೌಂಡ್! ಗೆದ್ದವರೋ, ತಮ್ಮ ಲೀಗಿನ ಫೈನಲ್‌ನಲ್ಲೇ ಸೋತಿದ್ದವರು. ಅಲ್ಲಿ ಗೆದ್ದ ಮೆರಿಮ್ಯಾಕ್‌ಗೆ ನಿಯಮದ ಪ್ರಕಾರ ಅರ್ಹತೆ ಇಲ್ಲದ್ದರಿಂದ ಟೂರ್ನಿಗೆ ಬಂದರು. ಇಷ್ಟೆಲ್ಲ ಕಾಕತಾಳೀಯ ಕೂಡಿಬಂದ ಒಂದು ರಾತ್ರಿಗಾಗಿ ನವೆಂಬರ್‌ನಿಂದ ಆಡಿದ್ದನ್ನು ಅಳಿಸಬೇಕೆ?

ಫೈನಲ್ ವಾರಕ್ಕೆ ಬೇರೆಯದೇ ಗೌರವ ಇದೆ: ಫೈನಲ್ ಫೋರ್‌ನ, ಅಂದರೆ ಕೊನೆಯ ನಾಲ್ಕು ತಂಡಗಳ ಹಂತದ, ಅತ್ಯುತ್ತಮ ಆಟಗಾರ. ಅದೂ ಒಂದು ಕಾಲದಲ್ಲಿ ಸೋತವರಿಗೆ ಸಲ್ಲುತ್ತಿತ್ತು. 1957ರಲ್ಲಿ ವಿಲ್ಟ್ ಚೇಂಬರ್ಲಿನ್, 1959ರಲ್ಲಿ ಜೆರ್ರಿ ವೆಸ್ಟ್, 1983ರಲ್ಲಿ ಒಲಾಜುವಾನ್, ಮೂವರೂ ಫೈನಲ್ ಸೋತವರೇ. 1965ರ ಬಿಲ್ ಬ್ರಾಡ್ಲಿಯ ತಂಡವಂತೂ ಫೈನಲ್‌ಗೇ ಬರಲಿಲ್ಲ. ಮೂರನೇ ಸ್ಥಾನದ ಆಟದಲ್ಲಿ ಅವನು 58 ಅಂಕ ಹೊಡೆದ. 1983ರ ನಂತರ ಆ ಬಾಗಿಲು ಮುಚ್ಚಿದೆ. 2024ರ ಫೈನಲ್‌ನಲ್ಲಿ ಇದೇ ಈಡಿ ತಂಡದ 60 ಅಂಕಗಳಲ್ಲಿ 37 ಹೊಡೆದ. ಕನೆಕ್ಟಿಕಟ್ 75 ಮಾಡಿತು, ಗೌರವ ಅವರ ಟ್ರಿಸ್ಟನ್ ನ್ಯೂಟನ್‌ಗೆ ಹೋಯಿತು. ನ್ಯೂಟನ್ ಚೆನ್ನಾಗಿಯೇ ಆಡಿದ್ದ, ಬಿಡಿ. ನಿಮ್ಮ ಲೆಕ್ಕ ಹಿಡಿದರೆ ಲೂಸಿಯಾನಾ ಸ್ಟೇಟ್‌ನ ಪೀಟ್ ಮಾರಾವಿಚ್‌ನನ್ನು ಎಲ್ಲಿಡುತ್ತೀರಿ? ದೂರದಿಂದ ಹಾಕಿದ ಶಾಟ್‌ಗೆ ಮೂರು ಅಂಕ ಕೊಡುವ ಗೆರೆಯೇ ಇಲ್ಲದ ಕಾಲದಲ್ಲಿ 83 ಆಟಗಳಲ್ಲಿ 3,667 ಅಂಕ, ಮೂರು ಸಲ ಆಲ್-ಅಮೆರಿಕನ್. ಎನ್‌ಸಿಎಎ ಟೂರ್ನಿಯ ಮುಖವನ್ನೇ ಅವನು ಕಾಣಲಿಲ್ಲ.

ಪಟ್ಟಿಯಲ್ಲಿ ತಪ್ಪಾಗುವುದೇ ಇಲ್ಲ ಎಂದಲ್ಲ. ನಿಮ್ಮ ಸಿಟ್ಟು ಅತ್ತ ತಿರುಗಲಿ. ಪಶ್ಚಿಮ ಕರಾವಳಿಯ ಆಟ ಮುಗಿಯುವಾಗ ನ್ಯೂಯಾರ್ಕಿನಲ್ಲಿ ನಡುರಾತ್ರಿ ದಾಟಿರುತ್ತದೆ. ಅಲ್ಲಿನ ಮತದಾರ ಬೆಳಗ್ಗೆ ನೋಡುವುದು ಸ್ಕೋರನ್ನು ಮಾತ್ರ. ಸ್ಕೋರು ಏನನ್ನು ಮುಚ್ಚಿಡುತ್ತದೆ ನೋಡಿ. ಇಬ್ಬರು ಆಟಗಾರರು ತಲಾ 20 ಅಂಕ ಮಾಡಿದರು ಎನ್ನಿ. ಒಬ್ಬ 12 ಶಾಟ್, 6 ಫ್ರೀ ಥ್ರೋ (ಎದುರಾಳಿಯ ತಪ್ಪಿಗೆ ಸಿಗುವ ಎಸೆತ) ತೆಗೆದುಕೊಂಡ. ಇನ್ನೊಬ್ಬ 18 ಶಾಟ್, 4 ಫ್ರೀ ಥ್ರೋ. ಫ್ರೀ ಥ್ರೋಗಳನ್ನು 0.475ರಿಂದ ಗುಣಿಸಿ, ಶಾಟ್‌ಗಳಿಗೆ ಕೂಡಿಸಿ, ಎರಡರಿಂದ ಗುಣಿಸಿ, ಬಂದದ್ದರಿಂದ ಅಂಕವನ್ನು ಭಾಗಿಸಿ. ಸಿಕ್ಕ ಅವಕಾಶಗಳನ್ನು ಎಷ್ಟು ಚೆನ್ನಾಗಿ ಅಂಕವಾಗಿಸಿದ ಎನ್ನುವ ಲೆಕ್ಕ ಇದು: ಮೊದಲನೆಯವನಿಗೆ ಶೇ 67, ಎರಡನೆಯವನಿಗೆ ಶೇ 50. ಎರಡನೆಯವನು ತಂಡದ ಚೆಂಡನ್ನು ತಿಂದು 20 ಮಾಡಿದ. ಸರಾಸರಿಯ ಕಾಲಮ್ಮಿನಲ್ಲಿ ಮಾತ್ರ ಇಬ್ಬರೂ ಒಂದೇ. ಸಣ್ಣ ಲೀಗಿನ ಹುಡುಗರ ಪಾಡು ಇನ್ನೂ ಕಷ್ಟ. ಅವರ ಆಟ ದೇಶಕ್ಕೆಲ್ಲ ಟಿವಿಯಲ್ಲಿ ಬರುವುದೇ ಅಪರೂಪ.

ಕೊನೆಯ ದಿನ ಕಂಡದ್ದಷ್ಟೇ ಆಟ ಎನ್ನುವ ರೋಗ ನಮ್ಮಲ್ಲೇನು ಕಡಿಮೆಯೇ? ನಮ್ಮ ಕರುಣ್ ನಾಯರ್ 2024-25ರ ವಿಜಯ್ ಹಜಾರೆ ಟೂರ್ನಿಯಲ್ಲಿ ವಿದರ್ಭಕ್ಕೆ ಐದು ಶತಕ ಸೇರಿ 779 ರನ್ ಕೊಟ್ಟರು. ಫೈನಲ್‌ನಲ್ಲಿ ಕರ್ನಾಟಕದ ಎದುರು 27ಕ್ಕೆ ಔಟಾದರು. ನಿಮ್ಮ ನ್ಯಾಯದಲ್ಲಿ ಆ 27 ಉಳಿದು 752 ಹೋಗಬೇಕು. ವರ್ಷವಿಡೀ ಲೀಗ್ ಆಟಗಳಿಗೆ ಎರಡು ಸಾಲು ಕೊಟ್ಟು, ಫೈನಲ್‌ಗೆ ಇಡೀ ಪುಟ ಬಿಡುವ ಪತ್ರಿಕೆಯವರೂ ಇದಕ್ಕೆ ಹೊಣೆ.

ಪರ್ಡ್ಯೂ ಆಟಗಳನ್ನು ನವೆಂಬರ್‌ನಿಂದ ಬಿಡದೆ ನೋಡುತ್ತೀರೆಂದು ಪತ್ರದಲ್ಲೇ ಹೇಳಿದ್ದೀರಿ. ಹಾಗಾದರೆ ಬರುವ ಮಾರ್ಚ್‌ನಲ್ಲಿ, ಟೂರ್ನಿಯ ತಂಡಗಳನ್ನು ಘೋಷಿಸುವ ಭಾನುವಾರ ರಾತ್ರಿ, ನಿಮ್ಮ ಹದಿನೈದು ಹೆಸರು ಬರೆದು ನಮಗೆ ಕಳಿಸಿ. ಫೈನಲ್ ಮುಗಿದ ಮೇಲೆ ಅಚ್ಚು ಹಾಕುತ್ತೇವೆ. ತಿದ್ದುಪಡಿಗೆ ಅವಕಾಶವಿಲ್ಲ.