ಪ್ರತಿ: ಏಳು ಹೊತ್ತು ಎಂದಮೇಲೆ ಕ್ರೈಸ್ತ ಮಠಗಳಲ್ಲಿ ಎಂಟು ಪ್ರಾರ್ಥನೆ ಏಕೆ?
ಬೈಬಲ್ ದಿನಕ್ಕೆ ಏಳು ಹೊತ್ತು ಸ್ತುತಿ ಎಂದರೂ ಕ್ರೈಸ್ತ ಮಠಗಳಲ್ಲಿ ಎಂಟು ಪ್ರಾರ್ಥನೆ ಏಕೆ ಎಂದು ಕೇಳಿದ್ದೀರಿ; ನಿಮ್ಮ ಎಣಿಕೆ ಸರಿಯಾಗಿಯೇ ಇದೆ. ಬೈಬಲಿನ ಕೀರ್ತನೆ 119:164 ಹೇಳುವ ಏಳು ಹೊತ್ತನ್ನು 6ನೇ ಶತಮಾನದ ಸಂತ ಬೆನೆಡಿಕ್ಟರು ಮಠವಾಸಿಗಳಿಗಾಗಿ ಬರೆದ ನಿಯಮಾವಳಿ ಹಗಲಿನ ಪ್ರಾರ್ಥನೆಗಳಿಗೆ ಹೊಂದಿಸುತ್ತದೆ: ಲಾಡ್ಸ್, ಪ್ರೈಮ್, ಟರ್ಸ್, ಸೆಕ್ಸ್ಟ್, ನೋನ್, ವೆಸ್ಪರ್ಸ್, ಕಂಪ್ಲೈನ್. ಎಂಟನೆಯದು ರಾತ್ರಿಯ ಜಾಗರಣೆ. ಅದಕ್ಕೆ ಆಧಾರ ಅದೇ ಕೀರ್ತನೆಯ 62ನೇ ವಚನ, ನಡುರಾತ್ರಿ ಎದ್ದು ಸ್ತುತಿಸುವ ಮಾತು.

ಟರ್ಸ್, ಅಂದರೆ ಮೂರನೇ ತಾಸಿನ ಪ್ರಾರ್ಥನೆ, ಬೆಳಗ್ಗೆ 9ಕ್ಕೇ ಎಂದು ಗಡಿಯಾರಕ್ಕೆ ಕಟ್ಟಿಹಾಕಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ರೋಮನ್ನರು ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು 12 ಪಾಲು ಮಾಡುತ್ತಿದ್ದರು. ಹಗಲು 15 ಗಂಟೆಯಿದ್ದರೆ ಒಂದು ಪಾಲು 75 ನಿಮಿಷ, 9 ಗಂಟೆಯಿದ್ದರೆ 45 ನಿಮಿಷ. ಈ ಪಾಲೇ ಅವರ ತಾಸು, ಹಾಗಾಗಿ ಮೂರನೇ ತಾಸು ಋತುವಿನೊಂದಿಗೆ ಸರಿಯುತ್ತಿತ್ತು. ಆರನೆಯದು (ಸೆಕ್ಸ್ಟ್) ಮಾತ್ರ ಸದಾ ನಡುಹಗಲಿಗೇ.

ಹೊಸ ಪ್ರಾರ್ಥನಾ ಪುಸ್ತಕಗಳಲ್ಲಿ ಪ್ರೈಮ್ ಕಾಣದಿದ್ದರೆ ಗಾಬರಿ ಬೇಡ, 1963ರಲ್ಲಿ ಕ್ಯಾಥೊಲಿಕ್ ಚರ್ಚಿನ ಮಹಾಸಭೆಯಾದ ಎರಡನೇ ವ್ಯಾಟಿಕನ್ ಸಭೆ ಅದನ್ನು ಕೈಬಿಟ್ಟಿತು.