ಅಡುಗೆಮನೆಗೆ ಹೋಗಲು ಹೆದರುತ್ತಿದ್ದ ಬಾಣಂತಿ

ಇವರನ್ನು ಸುಮಾ ಎಂದು ಕರೆಯೋಣ. ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು 28. ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಕೆಲಸ. ಚೊಚ್ಚಲ ಹೆರಿಗೆ, ಸಿಸೇರಿಯನ್, ಹೆಣ್ಣುಮಗು. ಬಾಣಂತನಕ್ಕೆ ಹಾಸನ ಕಡೆಯ ತವರಿಗೆ ಬಂದಿದ್ದರು. ಮಗುವಿಗೆ ಏಳು ವಾರ ತುಂಬಿದಾಗ ಅವರ ಅಮ್ಮ ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಕರೆದುಕೊಂಡು ಬಂದರು.

ಮೊದಲು ಮಾತಾಡಿದ್ದು ಅಮ್ಮ. "ಮಗೂಗೆ ಹಾಲು ಸಾಲ್ತಿಲ್ಲ ಮೇಡಂ. ಇವಳು ಸರಿಯಾಗಿ ಉಣ್ಣಲ್ಲ, ಸುಮ್ ಸುಮ್ನೆ ಅಳ್ತಾಳೆ. ಅಡುಗೆಮನೆ ಕಡೆ ತಲೆ ಹಾಕಲ್ಲ, ತಟ್ಟೆ ರೂಮಿಗೇ ತಂದುಕೊಡಬೇಕು. ಬಾಣಂತಿ ಸನ್ನಿ ಏನಾದ್ರೂ ಆಗಿದ್ಯೋ ಅಂತ ಭಯ."

ಸುಮಾ ತಲೆಗೆ ಸ್ಕಾರ್ಫ್ ಕಟ್ಟಿ, ಕಿವಿಗೆ ಹತ್ತಿ ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದರು. ಅಮ್ಮ ಹೇಳುವುದನ್ನೆಲ್ಲ ಬೇರೆ ಯಾರದೋ ವಿಷಯ ಎನ್ನುವ ಹಾಗೆ ಕೇಳುತ್ತಿದ್ದರು. ಅಮ್ಮ ಮಗುವನ್ನು ಎತ್ತಿಕೊಂಡು ಹೊರಗೆ ಹೋದ ಮೇಲೆ ನಾನು ಕೇಳಿದ ಮೊದಲ ಪ್ರಶ್ನೆ: "ನಿನ್ನೆ ರಾತ್ರಿ ನಿಮಗೆ ಎಷ್ಟು ಹೊತ್ತು ನಿದ್ದೆ ಬಂತು?" ಅವರಿಗೆ ಲೆಕ್ಕವೇ ಸಿಗಲಿಲ್ಲ. ಒಂದು ಗಂಟೆ, ಮತ್ತೆ ನಲವತ್ತು ನಿಮಿಷ, ಆಮೇಲೆ ಬೆಳಗಾಯಿತು. ಇದು ವಾರಗಟ್ಟಲೆ ಹೀಗೇ ನಡೆದಿತ್ತು.

ಆರೈಕೆಗೆ ಆ ಮನೆಯಲ್ಲಿ ಏನೂ ಕೊರತೆ ಇರಲಿಲ್ಲ. ದಿನಾ ಎಣ್ಣೆ ಹಚ್ಚಿ ಹಂಡೆ ನೀರು ಹಾಕುತ್ತಿದ್ದರು. ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಎಲ್ಲವೂ ಹೊತ್ತು ಹೊತ್ತಿಗೆ ಬರುತ್ತಿತ್ತು. ಇಲ್ಲದೇ ಇದ್ದದ್ದು ಸುಮಾ ಅವರ ಮಾತಿಗೆ ಬೆಲೆ. ಬಾಯಾರಿಕೆ ಅಂದರೆ "ನೀರು ಕುಡಿದ್ರೆ ಹೊಟ್ಟೆ ಬರುತ್ತೆ." ಹೊಲಿಗೆ ನೋಯುತ್ತಿದೆ ಅಂದರೆ "ನೋವೇ ತಿನ್ನದೆ ಹೆತ್ತಿದ್ದೀಯ, ಇಷ್ಟಕ್ಕೇ ಹೀಗಾ?" ಮಗು ಅತ್ತರೆ ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರು ಎಲ್ಲರದೂ ಒಂದೇ ತೀರ್ಪು, ಹಾಲು ಸಾಲುತ್ತಿಲ್ಲ. ಸಂಜೆ ಅತ್ತೆಯ ವಿಡಿಯೋ ಕಾಲ್ ಬರುತ್ತಿತ್ತು. "ಮಗು ಸೊರಗಿದ ಹಾಗಿದೆ ಅಲ್ವಾ?" ಕಡೆಗೆ ಯಾರೋ ಹಾಲಿನ ಪುಡಿಯ ಡಬ್ಬ ತಂದು ಕೊಟ್ಟರು. ಬಾಟಲಿ ಶುರುವಾಗಿ ಮೂರು ದಿನ ಆಗಿತ್ತು.

ನಾನು ತಾಯಿ ಕಾರ್ಡ್ ಕೇಳಿದೆ. ಹುಟ್ಟಿದಾಗ ಮಗುವಿನ ತೂಕ 2.8 ಕಿಲೋ. ಆರು ವಾರದ ಲಸಿಕೆಗೆ ಹೋದಾಗ 4.1 ಕಿಲೋ. ಅಂದರೆ ದಿನಕ್ಕೆ ಸುಮಾರು 30 ಗ್ರಾಂ ಏರಿದೆ. ಮೊದಲ ತಿಂಗಳುಗಳಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಮಗು ಚೆನ್ನಾಗಿ ಬೆಳೆಯುತ್ತಿದೆ ಎಂದೇ ಅರ್ಥ. ಆ 1.3 ಕಿಲೋ ಪೂರ್ತಿ ಎದೆಹಾಲಿನದು, ಪುಡಿ ಬರುವ ಮೊದಲಿನದು. ದಿನಕ್ಕೆ ಆರಕ್ಕಿಂತ ಜಾಸ್ತಿ ಸಲ ಮಗು ಉಚ್ಚೆ ಮಾಡುತ್ತಿತ್ತು. ಇದೂ ಹಾಲು ಸಾಕಾಗುತ್ತಿದೆ ಎನ್ನುವುದರ ಗುರುತು. ಕಾರ್ಡಿನ ಎರಡು ಅಂಕಿಗಳ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತೋರಿಸಿದೆ. ಸುಮಾ ಬಹಳ ಹೊತ್ತು ಅದನ್ನೇ ನೋಡಿದರು. "ಇದು ನಮ್ಮನೇಲೇ ಇತ್ತು. ಯಾರೂ ಹೇಳಲಿಲ್ಲ" ಅಂದರು.

ಹಾಗಾದರೆ ಮಗು ಯಾಕೆ ಅಷ್ಟು ಅಳುತ್ತದೆ? ಹುಟ್ಟಿದ ಎರಡನೇ ವಾರದಿಂದ ಮಕ್ಕಳ ಅಳು ಜಾಸ್ತಿಯಾಗುತ್ತಾ ಹೋಗಿ, ಆರು ವಾರದ ಹೊತ್ತಿಗೆ ತುದಿ ಮುಟ್ಟುತ್ತದೆ. ಮೂರು, ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಸಂಜೆ ಹೊತ್ತು ಹೆಚ್ಚು. ಹಾಲು ಕುಡಿದು, ಬಟ್ಟೆ ಒಣಗಿದ್ದು, ಜ್ವರ ಇಲ್ಲದೆಯೂ ಅಳುತ್ತವೆ. ಅದು ತಾಯಿಯ ತಪ್ಪಲ್ಲ. ಇಷ್ಟು ಗೊತ್ತಿದ್ದರೆ ಎಷ್ಟೋ ಮನೆಗಳಲ್ಲಿ ಸಂಜೆಯ ಜಗಳ ತಪ್ಪುತ್ತದೆ.

ಅಡುಗೆಮನೆಯ ವಿಷಯ ಇನ್ನೂ ಬಾಕಿ ಇತ್ತು. ನೇರವಾಗಿಯೇ ಕೇಳಿದೆ. "ತುಂಬಾ ಜನ ಹೊಸ ತಾಯಂದಿರಿಗೆ, ಮಗುವಿಗೆ ಏನಾದರೂ ಆಗಿಬಿಟ್ಟರೆ, ನನ್ನ ಕೈಯಿಂದಲೇ ಏನಾದರೂ ಆಗಿಬಿಟ್ಟರೆ ಅಂತ ಬೇಡದ ಯೋಚನೆ ಬರುತ್ತೆ. ನಿಮಗೂ ಬರುತ್ತಾ?"

ಅವರು ಅಳುವುದಕ್ಕೆ ಶುರು ಮಾಡಿದರು. ಒಂದು ದಿನ ಮಗುವನ್ನು ಎತ್ತಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರಂತೆ. ಅಮ್ಮ ನೆಲದ ಮೇಲೆ ಕೂತು ಈಳಿಗೆ ಮಣೆಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದರು. ಇದ್ದಕ್ಕಿದ್ದ ಹಾಗೆ ತಲೆಯಲ್ಲಿ ಒಂದು ಚಿತ್ರ ಬಂತು, ಮಗುವನ್ನು ತಾನೇ ಆ ಈಳಿಗೆ ಮೇಲೆ ಬಿಟ್ಟ ಹಾಗೆ. ಕೈಕಾಲು ನಡುಗಿತು. ಓಡಿ ರೂಮಿಗೆ ಹೋದರು. ಆವತ್ತಿನಿಂದ ಅಡುಗೆಮನೆ ಬಿಟ್ಟರು. ಆಮೇಲೆ ಬಚ್ಚಲ ಹಂಡೆ ನೋಡಿದರೂ ಅಂಥದೇ ಚಿತ್ರ. ಅಮ್ಮ ಮಲಗಿದ ಮೇಲೂ ಎದ್ದು ಎದ್ದು ಮಗು ಉಸಿರಾಡುತ್ತಿದೆಯಾ ನೋಡುವುದು. ನಿದ್ದೆ ಹೋಗಿದ್ದಕ್ಕೆ ಅರ್ಧ ಕಾರಣ ಮಗುವಿನ ಅಳು. ಇನ್ನರ್ಧ ಈ ಭಯ.

"ನಾನು ಎಂಥ ತಾಯಿ ಮೇಡಂ? ಗೊತ್ತಾದ್ರೆ ಹುಚ್ಚಿ ಅಂತಾರೆ. ಮಗೂನ ಕಿತ್ಕೊಂಡು ಬಿಡ್ತಾರೆ."

ಇದನ್ನು ಓದುತ್ತಿರುವ ಯಾರಿಗಾದರೂ ಇಂಥ ಯೋಚನೆ ಬಂದಿದ್ದರೆ, ಅವರು ಇದನ್ನು ನಿಧಾನವಾಗಿ ಓದಬೇಕು. ಯೋಚನೆ ಬರುವುದು ಬೇರೆ, ಮಾಡಬೇಕು ಅನ್ನಿಸುವುದು ಬೇರೆ. ಸುಮಾ ಅವರಿಗೆ ಆ ಚಿತ್ರ ಬೇಡವಾಗಿತ್ತು. ಬಂದಾಗ ಹೆದರಿ ಓಡಿದರು. ಮಗುವನ್ನು ಕಾಪಾಡಬೇಕು ಎಂಬ ಎಚ್ಚರ ಅತಿಯಾದಾಗ ಮನಸ್ಸು ಹೀಗೆ ಅಪಾಯವನ್ನೆಲ್ಲ ಹುಡುಕಿ ತೋರಿಸುತ್ತದೆ. ನಿದ್ದೆಗೆಟ್ಟಾಗ ಇನ್ನೂ ಜಾಸ್ತಿ. ಇಂಥ ಯೋಚನೆಯಿಂದ ನಡುಗುವ ತಾಯಿ ಮಗುವಿಗೆ ಅಪಾಯ ಮಾಡುವವಳಲ್ಲ.

ಊರಲ್ಲಿ ಬಾಣಂತಿ ಸನ್ನಿ ಅಂತ ಹೆದರುವ ಕಾಯಿಲೆಯ ಲಕ್ಷಣಗಳೇ ಬೇರೆ. ಸಾವಿರ ಹೆರಿಗೆಗೆ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ಸಾಮಾನ್ಯವಾಗಿ ಮೊದಲ ಎರಡು ವಾರದೊಳಗೇ ಶುರುವಾಗುತ್ತದೆ. ಇಲ್ಲದ ಧ್ವನಿ ಕೇಳಿಸುವುದು, ಈ ಮಗು ನನ್ನದಲ್ಲ, ಇದರಲ್ಲಿ ಏನೋ ಸೇರಿಕೊಂಡಿದೆ ಎಂದು ಗಟ್ಟಿಯಾಗಿ ನಂಬುವುದು, ನಿದ್ದೆಯೇ ಬೇಡ ಅನ್ನುವಷ್ಟು ಚುರುಕು, ಮಾತಿಗೆ ಮಾತು ತಾಳೆ ಇಲ್ಲದಿರುವುದು. ಹೀಗೆ ಕಂಡರೆ ಮಂತ್ರ, ತಾಯತ ಅಂತ ಒಂದು ದಿನವೂ ಕಳೆಯಬಾರದು. ತಾಯಿ ಮಗುವನ್ನು ಒಂಟಿಯಾಗಿ ಬಿಡದೆ ಆವತ್ತೇ ಆಸ್ಪತ್ರೆಗೆ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನು ಮಗುವಿನ ಜೊತೆಗೇ ದಾಖಲು ಮಾಡಿಕೊಳ್ಳುವ ವಾರ್ಡ್ ಇದೆ. ಚಿಕಿತ್ಸೆ ಕೊಟ್ಟರೆ ಚೆನ್ನಾಗಿ ವಾಸಿಯಾಗುತ್ತದೆ. ಸುಮಾ ಅವರಲ್ಲಿ ಇದ್ಯಾವುದೂ ಇರಲಿಲ್ಲ.

ಹೆರಿಗೆಯಾದ ಮೂರು, ನಾಲ್ಕನೇ ದಿನಕ್ಕೆ ಅಳು ಬರುವುದು ಬಹಳ ಜನಕ್ಕೆ ಇರುತ್ತದೆ. ಎರಡು ವಾರದೊಳಗೆ ಹೋಗುತ್ತದೆ. ಇವರದು ಏಳು ವಾರ ದಾಟಿತ್ತು. ಎಡಿನ್‌ಬರೋ ಪ್ರಶ್ನಾವಳಿ ಕೊಟ್ಟೆ. 1987ರಲ್ಲಿ ಸ್ಕಾಟ್ಲೆಂಡಿನಲ್ಲಿ ಬಾಣಂತಿಯರಿಗೆಂದೇ ಮಾಡಿದ್ದು, ಕನ್ನಡದಲ್ಲೂ ಇದೆ. ಕಳೆದ ಏಳು ದಿನಗಳ ಬಗ್ಗೆ ಹತ್ತು ಪ್ರಶ್ನೆ, ಒಟ್ಟು 30 ಅಂಕ. 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆ ಇರಬಹುದು ಎಂದು ವೈದ್ಯರಿಗೆ ತೋರಿಸುತ್ತೇವೆ. ಸುಮಾ ಅವರಿಗೆ 15 ಬಂತು. ಹತ್ತನೇ ಪ್ರಶ್ನೆ, ತನಗೆ ತಾನೇ ಅಪಾಯ ಮಾಡಿಕೊಳ್ಳುವ ಯೋಚನೆಯದು. ಅದಕ್ಕೆ ಸೊನ್ನೆ. ಆದರೂ ಬಾಯಿಬಿಟ್ಟು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡೆ. ಹತ್ತಿರದ ಮನೋವೈದ್ಯರಿಗೆ ಕಳಿಸಿದೆ. ಜೊತೆಗೆ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಲು ಹೇಳಿದೆ. ಎರಡೂ ಹೆರಿಗೆಯ ನಂತರ ಏರುಪೇರಾಗುತ್ತವೆ, ಎರಡರಿಂದಲೂ ಸುಸ್ತು, ಬೇಸರ ಬರುತ್ತದೆ.

ಥೈರಾಯ್ಡ್ ಸರಿ ಇತ್ತು. ಹಿಮೋಗ್ಲೋಬಿನ್ 8.9. ಹೆರಿಗೆಯಾದ ಮೇಲೆ 180 ದಿನ ತೆಗೆದುಕೊಳ್ಳಬೇಕಾದ ಕಬ್ಬಿಣದ ಮಾತ್ರೆಯನ್ನು "ಮಗೂಗೆ ಉಷ್ಣ" ಅಂತ ಮನೆಯಲ್ಲಿ ನಿಲ್ಲಿಸಿದ್ದರು! ನೀರು ಕಡಿಮೆ, ತರಕಾರಿ, ಹಣ್ಣು ಕಡಿಮೆ, ರಕ್ತ ಕಡಿಮೆ, ನಿದ್ದೆ ಇಲ್ಲ. ಇಷ್ಟರ ಮೇಲೆ ಯಾವ ಮನಸ್ಸು ತಾನೇ ನೆಟ್ಟಗಿರುತ್ತದೆ?

ಮುಂದಿನ ಶನಿವಾರ ಗಂಡ ಊರಿಗೆ ಬಂದಾಗ ಅಮ್ಮನನ್ನೂ ಅವರನ್ನೂ ಒಟ್ಟಿಗೆ ಕೂರಿಸಿದೆ. ಸುಮಾ ಏನನ್ನು ಹೇಳಬಹುದು ಎಂದು ಒಪ್ಪಿದ್ದರೋ ಅಷ್ಟನ್ನೇ ಹೇಳಿದೆ. ಬಾಣಂತಿಗೆ ಮಾತ್ರ ಸಲಹೆ ಕೊಟ್ಟು ಕಳಿಸಿದರೆ ಅದು ಅವಳ ತಲೆ ಮೇಲೆ ಇನ್ನೊಂದು ಹೊರೆ. ಸಲಹೆ ಬೇಕಾಗಿರುವುದು ಮನೆಗೆ.

ಅಮ್ಮನಿಗೆ ಕೋಪ ಬಂತು. "ನಾವೇನು ಹೆತ್ತಿಲ್ವಾ? ನಮ್ಮಮ್ಮ ಹೇಳಿದ ಹಾಗೆ ಕೇಳ್ಕೊಂಡು ಇರ್ಲಿಲ್ವಾ?" ಆ ಕೋಪ ನ್ಯಾಯವಾದದ್ದೇ. ಸೊಂಟ ನೋವಿಟ್ಟುಕೊಂಡು ಹಗಲೂ ರಾತ್ರಿ ದುಡಿಯುತ್ತಿದ್ದವರು ಅವರು. ಬಾಣಂತನ ಎಂಬ ವ್ಯವಸ್ಥೆ ಎಷ್ಟು ದೊಡ್ಡದು ಎನ್ನುವುದು, ಬೆಂಗಳೂರಿನ ಫ್ಲ್ಯಾಟಿನಲ್ಲೋ ಹೊರದೇಶದಲ್ಲೋ ಗಂಡ ಹೆಂಡತಿ ಇಬ್ಬರೇ ಕೂಸು ಸಾಕುವವರಿಗೆ ಗೊತ್ತು. ಎಣ್ಣೆ ನೀರು, ಬಿಸಿ ಊಟ, ಮನೆಗೆಲಸದಿಂದ ಬಿಡುವು, ಇವೆಲ್ಲ ಇರಲಿ ಅಂದೆ. ಬಿಡಬೇಕಾದದ್ದು ಕೆಲವೇ. ನೀರಿಗೆ ಕಟ್ಟುಪಾಡು ಬೇಡ, ಹಾಲೂಡಿಸುವವರಿಗೆ ಬಾಯಾರಿಕೆ ಜಾಸ್ತಿ. ತರಕಾರಿ, ಹಣ್ಣು ಕೊಡಿ. ಬಾಗಿಲು ಮುಚ್ಚಿ ಸಾಂಬ್ರಾಣಿ ಹೊಗೆ ಹಾಕಬೇಡಿ. ಮಗುವಿಗೆ ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರು, ಬಜೆ, ಗ್ರೈಪ್ ವಾಟರ್ ಏನೂ ಬೇಡ. ಒಂದು ವರ್ಷದವರೆಗೆ ಜೇನುತುಪ್ಪವನ್ನಂತೂ ನೆಕ್ಕಿಸಲೇಬೇಡಿ.

ನಿದ್ದೆಗೆ ಒಂದು ಏರ್ಪಾಡು ಮಾಡಿಕೊಂಡೆವು. ರಾತ್ರಿ ಒಂಬತ್ತಕ್ಕೆ ಸುಮಾ ಹಾಲು ಕೊಟ್ಟು ಬೇರೆ ರೂಮಿನಲ್ಲಿ ಮಲಗುವುದು. ಎರಡು ಗಂಟೆವರೆಗೆ ಮಗು ಅಜ್ಜಿಯ ಹತ್ತಿರ. ಮಧ್ಯೆ ಎದ್ದರೆ, ಮೊದಲೇ ಹಿಂಡಿಟ್ಟ ಎದೆಹಾಲನ್ನು ಒಳಲೆಯಲ್ಲಿ ಕುಡಿಸುವುದು. ಹಿಂಡಿದ ಹಾಲು ಸೆಕೆ ಇಲ್ಲದ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇರುತ್ತದೆ. ಒಳಲೆಯನ್ನು ಪ್ರತಿ ಸಲ ತೊಳೆದು ಕುದಿಸಬೇಕು. ಅಜ್ಜಿಗೆ ಹಗಲು ಹೊತ್ತು ಮಲಗಲು ಬಿಡುವು ಕೊಡುವುದು ಚಿಕ್ಕಮ್ಮನ ಪಾಲು. ಶನಿವಾರ, ಭಾನುವಾರ ಆ ರಾತ್ರಿ ಪಾಳಿ ಗಂಡನದು. ಪುಡಿ ಹಾಲನ್ನು ಮಕ್ಕಳ ವೈದ್ಯರನ್ನು ಕೇಳಿ ಕಡಿಮೆ ಮಾಡುತ್ತಾ ಬಂದು ನಿಲ್ಲಿಸಿದರು. ವೈದ್ಯರು ಬೇಕು ಅಂದಿದ್ದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇರಲಿಲ್ಲ. ಇಲ್ಲಿ ಬೇಕಿರಲಿಲ್ಲ, ಅಷ್ಟೆ.

"ವಾರಕ್ಕೊಂದು ಸಲ ಬರುವವನು ನಾನೇನು ಮಾಡಲಿ?" ಅಂತ ಗಂಡ ಕೇಳಿದರು. ನಿಮ್ಮ ಅಮ್ಮನ ವಿಡಿಯೋ ಕಾಲ್ ಇನ್ನು ಮುಂದೆ ನಿಮ್ಮದು ಅಂದೆ. ಮಗುವಿನ ತೂಕ, ಲಸಿಕೆ, ಫೋಟೋ ಎಲ್ಲ ನೀವೇ ಅವರಿಗೆ ತಿಳಿಸಿ. ಸುಮಾಗೆ ಫೋನ್ ಮಾಡಿದಾಗ "ಮಗು ಹೇಗಿದೆ" ಎನ್ನುವುದಕ್ಕೆ ಮೊದಲು "ನಿನಗೆ ನಿದ್ದೆ ಆಯ್ತಾ" ಅಂತ ಕೇಳಿ. ಅವರು ಇದನ್ನು ಫೋನಿನಲ್ಲಿ ಬರೆದುಕೊಂಡರು, ಹಾಗೇ ನಡೆದುಕೊಂಡರು ಕೂಡ.

ಈಳಿಗೆ ಮಣೆಯ ಭಯಕ್ಕೆ ಬೇರೆ ಕೆಲಸ ಬೇಕಿತ್ತು. ಅಂಥ ಯೋಚನೆಯನ್ನು ಒದ್ದೋಡಿಸಲು ಹೋದಷ್ಟೂ ಅದು ಜಾಸ್ತಿ ಬರುತ್ತದೆ. ಅಡುಗೆಮನೆಯಿಂದ ದೂರ ಇದ್ದಷ್ಟೂ, ಅಲ್ಲಿ ನಿಜವಾಗಿಯೂ ಅಪಾಯ ಇದೆ ಅಂತ ಮನಸ್ಸು ನಂಬುತ್ತದೆ. ಬಂದಾಗ "ಇದು ಯೋಚನೆ, ಬಂದಿದೆ, ಹೋಗುತ್ತೆ" ಅಂದುಕೊಂಡು ಕೈಯಲ್ಲಿದ್ದ ಕೆಲಸ ಮುಂದುವರಿಸುವುದನ್ನು ಅಭ್ಯಾಸ ಮಾಡಿದೆವು. ಮೊದಲು ಸುಮಾ ಒಬ್ಬರೇ ಅಡುಗೆಮನೆಗೆ ಹೋಗಿ ಕಾಫಿ ಕುಡಿದು ಬರುವುದು. ಆಮೇಲೆ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ಕೂತು ಅಮ್ಮನ ಜೊತೆ ಮಾತಾಡುವುದು. ನಂತರ ತೊಟ್ಟಿಲು ನಡುಮನೆಯಲ್ಲಿರುವಾಗ ತಾವೇ ಈಳಿಗೆಯಲ್ಲಿ ಹುರುಳಿಕಾಯಿ ಹೆಚ್ಚುವುದು. ಉಸಿರು ನೋಡಲು ರಾತ್ರಿ ಏಳುವುದನ್ನೂ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿದರು.

ನಿದ್ದೆ ಬೇಗ ಸುಧಾರಿಸಿತು. ಊಟವೂ ಸರಿಯಾಯಿತು. ಆದರೆ ಬೆಳಿಗ್ಗೆ ಏಳುವಾಗಿನ ಭಾರ, ಆತಂಕ ಹೋಗಲಿಲ್ಲ. ಮನೋವೈದ್ಯರು ಮಾತ್ರೆ ಶುರು ಮಾಡಿದರು. ಆಗ ಮನೆಯಲ್ಲಿ ಮತ್ತೆ ಗಾಬರಿ, ಹಾಲಿನ ಮೂಲಕ ಮಗುವಿಗೆ ಹೋಗುತ್ತಲ್ಲ ಅಂತ. ಹಾಲೂಡಿಸುವಾಗಲೂ ತೆಗೆದುಕೊಳ್ಳಬಹುದಾದ, ಹಾಲಿಗೆ ಬಹಳ ಕಡಿಮೆ ಸೇರುವ ಮಾತ್ರೆಗಳು ಇವೆ. ಚಿಕಿತ್ಸೆ ಇಲ್ಲದ ಖಿನ್ನತೆಯಿಂದ ಮಗುವಿಗೆ ಆಗುವ ತೊಂದರೆಯನ್ನೂ ತೂಗಿ ನೋಡಿ ವೈದ್ಯರು ಕೊಡುತ್ತಾರೆ. ಹೆಸರು ಇಲ್ಲಿ ಬರೆಯುವುದಿಲ್ಲ, ಯಾರೂ ಅಂಗಡಿಯಲ್ಲಿ ಕೇಳಿ ತಂದುಕೊಳ್ಳಬಾರದು. ಕೆಲವು ವಾರಗಳಲ್ಲಿ ಪ್ರಶ್ನಾವಳಿಯ ಅಂಕ 6ಕ್ಕೆ ಇಳಿಯಿತು. ಬೇಡದ ಯೋಚನೆ ಆಗಾಗ ಬರುತ್ತದೆ, ಹೆದರಿಸುವುದಿಲ್ಲ ಅಂತ ಸುಮಾ ಹೇಳಿದರು.

ಐದನೇ ತಿಂಗಳಲ್ಲಿ ಮಗು ಕರೆದುಕೊಂಡು ಗಂಡನ ಮನೆಗೆ ಹೊರಡುವ ಮೊದಲು ಇನ್ನೊಮ್ಮೆ ಬಂದಿದ್ದರು. ಎಷ್ಟೋ ಜನಕ್ಕೆ ಈ ಬದಲಾವಣೆಯ ಹೊತ್ತಿಗೇ ಮತ್ತೆ ಕುಸಿತ ಆಗುತ್ತದೆ. ಹಾಗಾಗಿ ಅಲ್ಲಿ ರಾತ್ರಿ ಪಾಳಿ ಯಾರದು, ಅಡುಗೆ ಯಾರದು, 26 ವಾರದ ಹೆರಿಗೆ ರಜೆ ಮುಗಿದ ಮೇಲೆ ಮಗು ಯಾರ ಹತ್ತಿರ ಎಂದು ಗಂಡನ ಜೊತೆ ಕೂತು ಬರೆದುಕೊಂಡೆವು. ಕೊನೆಯದಕ್ಕೆ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಎಂದು ಕಾನೂನು ಹೇಳುತ್ತದೆ, ಕಂಪನಿಯಲ್ಲಿ ವಿಚಾರಿಸಿ ಅಂದಿದ್ದೇನೆ. ರಾತ್ರಿ ಹೊತ್ತು ಮನಸ್ಸು ತಡೆಯದೇ ಹೋದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ಫೋನ್ ಮಾಡಬಹುದು. 24 ಗಂಟೆಯೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಚೆನ್ನಾಗಿದ್ದೀನಲ್ಲ ಅಂತ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ವೈದ್ಯರು ಹೇಳಿದಾಗ ನಿಧಾನವಾಗಿ ಇಳಿಸಬೇಕು. ಬೆಂಗಳೂರಿನ ವೈದ್ಯರಿಗೆ ಪತ್ರ ಬರೆದುಕೊಟ್ಟಿದ್ದೇನೆ. ಮೊದಲ ಭೇಟಿಗೆ ಅತ್ತೆಯೂ ಜೊತೆಗೆ ಬರುತ್ತೇನೆ ಅಂದಿದ್ದಾರೆ.